ಸ್ವಭಾವ ಪರೀಕ್ಷೆಯ ವರದಿ ಯಾರ ಕೈಯಲ್ಲಿರಬೇಕು?

2025ರ ನವೆಂಬರ್‌ನಲ್ಲಿ ಎರಡು ಸುದ್ದಿಗಳು ಒಂದರ ಹಿಂದೊಂದು ಬಂದವು. ತಿಂಗಳ ಮಧ್ಯದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆಯ ನಿಯಮಗಳು ಪ್ರಕಟವಾದವು. ಅದಾದ ಒಂದು ವಾರಕ್ಕೆ, 21ನೇ ತಾರೀಕು, ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ, ಹಟ್ಟಿ ಕಡೆ ಕಾರ್ಖಾನೆ, ಗಣಿಗಳಲ್ಲಿ ದುಡಿಯುವವರಿಗೆ ಈ ಸುದ್ದಿಗಳಲ್ಲಿ ಮೊದಲು ಕಾಣುವುದು ಪಿಎಫ್, ಗ್ರಾಚ್ಯುಟಿ, ಓವರ್‌ಟೈಮ್ ಲೆಕ್ಕ. ಅದು ಸಹಜ. ಆದರೆ ಎರಡೂ ಕಾನೂನುಗಳು ಒಟ್ಟಿಗೆ ಮುಟ್ಟುವ ಇನ್ನೊಂದು ವಿಷಯ ಇದೆ. ಅದರ ಬಗ್ಗೆ ಗೊಂದಲ ಜಾಸ್ತಿ, ಚರ್ಚೆ ಕಡಿಮೆ.

ಕಂಪನಿಯಿಂದ ಮೊಬೈಲ್‌ಗೆ ಒಂದು ಲಿಂಕ್ ಬರುತ್ತದೆ. ‘ನಾನು ಹೊಸಬರ ಜೊತೆ ಬೇಗ ಬೆರೆಯುತ್ತೇನೆ’, ‘ನನಗೆ ಸಣ್ಣ ವಿಷಯಕ್ಕೂ ಸಿಟ್ಟು ಬರುತ್ತದೆ’. ಇಂಥ ವಾಕ್ಯಗಳ ಮುಂದೆ ಹೌದು, ಸ್ವಲ್ಪ ಮಟ್ಟಿಗೆ, ಇಲ್ಲ ಅಂತ ಗುರುತು ಹಾಕಬೇಕು. ಕೊನೆಗೆ ನೀವು ಎಂಥ ಮನುಷ್ಯ ಅನ್ನುವ ವರದಿ ಸಿದ್ಧ. ಹೇಳುವ ಉದ್ದೇಶ ಒಳ್ಳೆಯದೇ: ತನ್ನ ಸ್ವಭಾವ ತನಗೆ ಗೊತ್ತಾದರೆ ಜೊತೆಯವರೊಂದಿಗೆ ತಿಕ್ಕಾಟ ಕಡಿಮೆಯಾಗುತ್ತದೆ. ಭರ್ತಿ ಮಾಡಬೇಕಾದವರ ತಲೆಯಲ್ಲಿ ಓಡುವುದೇ ಬೇರೆ. ಬೇಡ ಅಂದರೆ ಕೆಲಸಕ್ಕೆ ತೊಂದರೆಯೇ? ಸಿಟ್ಟು ಬರುತ್ತದೆ ಅಂತ ಒಪ್ಪಿಕೊಂಡರೆ ಬಡ್ತಿ ಹೋಯಿತೇ? ವರದಿಯನ್ನು ಯಾರು ಓದುತ್ತಾರೆ? ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಮೊದಲ ಎರಡಕ್ಕೂ ಸಿಕ್ಕ ಹಾಗೆ. ಪರೀಕ್ಷೆಯಿಂದ ಉಪಯೋಗ ಆಗುತ್ತದೋ ಇಲ್ಲವೋ ಅನ್ನುವುದೂ ಬಹುಪಾಲು ಅದರ ಮೇಲೇ ನಿಂತಿದೆ.

ಇವು ಎಲ್ಲಿಂದ ಬಂದವು

ಮೊದಲ ಮಹಾಯುದ್ಧದಲ್ಲಿ ಶೆಲ್ ದಾಳಿಯ ನಡುವೆ ಸೈನಿಕರು ಮಾನಸಿಕವಾಗಿ ಕುಸಿದುಬೀಳುತ್ತಿದ್ದರು. ಅಂಥವರನ್ನು ಮೊದಲೇ ಗುರುತಿಸಲು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ವುಡ್‌ವರ್ತ್ ಹೌದು-ಇಲ್ಲ ಮಾದರಿಯ ಪ್ರಶ್ನಾವಳಿ ಮಾಡಿದರು. ಅದು ತಯಾರಾಗುವ ಹೊತ್ತಿಗೆ ಯುದ್ಧವೇ ಮುಗಿಯುತ್ತ ಬಂದಿತ್ತು. ಆದರೆ ಆ ವಿಧಾನ ಉಳಿಯಿತು, ಕಾರ್ಖಾನೆ, ಕಚೇರಿಗಳಿಗೂ ಬಂತು.

ತರಬೇತುದಾರರ ಬಾಯಲ್ಲಿ ಹೆಚ್ಚು ಕೇಳಿಬರುವ ಹೆಸರು ಎಂಬಿಟಿಐ (ಮೈಯರ್ಸ್-ಬ್ರಿಗ್ಸ್ ಟೈಪ್ ಇಂಡಿಕೇಟರ್). ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್ ಎಂಬ ತಾಯಿ-ಮಗಳು 1940ರ ದಶಕದಲ್ಲಿ ಇದನ್ನು ರೂಪಿಸಿದರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಬರೆದ ವಿಚಾರಗಳು ಇದಕ್ಕೆ ಆಧಾರ. ಇಬ್ಬರೂ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಇದು ಎಲ್ಲರನ್ನೂ 16 ಗುಂಪುಗಳಿಗೆ ಹಂಚುತ್ತದೆ. ಇನ್ನೊಂದು ಡಿಸ್ಕ್, ಜನರ ನಡವಳಿಕೆಯನ್ನು ನಾಲ್ಕು ಬಗೆಯಾಗಿ ನೋಡುವ ಪರೀಕ್ಷೆ. ಇದರ ಮೂಲ ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಾರ್‌ಸ್ಟನ್ 1928ರಲ್ಲಿ ಮಂಡಿಸಿದ ಸಿದ್ಧಾಂತ. ಪರೀಕ್ಷೆಯನ್ನು ಅವರು ಮಾಡಲೇ ಇಲ್ಲ, ಆಮೇಲೆ ಬೇರೆಯವರು ಮಾಡಿದರು. (ವಂಡರ್ ವುಮನ್ ಎಂಬ ಕಾಮಿಕ್ಸ್ ನಾಯಕಿಯನ್ನು ಸೃಷ್ಟಿಸಿದವರೂ ಇದೇ ಮಾರ್‌ಸ್ಟನ್.)

ಮೂರನೆಯದು ಬಿಗ್ ಫೈವ್. ಸಂಶೋಧಕರು ಹೆಚ್ಚು ನಂಬುವುದು ಇದನ್ನೇ. ಹೊಸತರ ಕುತೂಹಲ, ಅಚ್ಚುಕಟ್ಟುತನ, ಜನರೊಂದಿಗೆ ಬೆರೆಯುವ ಗುಣ, ಹೊಂದಿಕೊಂಡು ಹೋಗುವ ಗುಣ, ಬೇಗ ಆತಂಕಪಡುವ ಗುಣ. ಈ ಐದರಲ್ಲಿ ನೀವು ಎಷ್ಟೆಷ್ಟು ಅಂತ ಅಳೆಯುತ್ತದೆ. ಯಾವ ಗುಂಪಿಗೂ ಸೇರಿಸುವುದಿಲ್ಲ. ಸ್ವಭಾವ ಎನ್ನುವುದು ಎತ್ತರ, ತೂಕದಂತೆ ಎಲ್ಲರಲ್ಲೂ ಹೆಚ್ಚು-ಕಡಿಮೆ ಇರುತ್ತದೆ. ಹೆಚ್ಚಿನವರು ನಡುಮಧ್ಯದಲ್ಲೇ ಇರುತ್ತಾರೆ. ಗುಂಪು ಮಾಡಲು ನಡುವೆ ಗೆರೆ ಎಳೆದರೆ, ಗೆರೆಯ ಹತ್ತಿರ ಇರುವವರು ಇವತ್ತು ಈ ಕಡೆ, ಇನ್ನೊಂದು ದಿನ ಆ ಕಡೆ. ಎಂಬಿಟಿಐಯನ್ನು ಕೆಲವೇ ವಾರಗಳ ಅಂತರದಲ್ಲಿ ಎರಡನೇ ಸಲ ಬರೆದಾಗ ಅರ್ಧದಷ್ಟು ಜನರ ಗುಂಪು ಬದಲಾಗಬಹುದು ಎಂದು ಅಧ್ಯಯನಗಳು ತೋರಿಸಿದ್ದು ಇದೇ ಕಾರಣಕ್ಕೆ.

ನಮ್ಮ ಕಡೆ ಬಹಳ ಯುವಕರಿಗೆ ರೈಲ್ವೆಯ ‘ಸೈಕೋ ಟೆಸ್ಟ್’ ಗೊತ್ತು. ಸಹಾಯಕ ಲೋಕೋ ಪೈಲಟ್ ಕೆಲಸಕ್ಕೆ ಅದು ಕಡ್ಡಾಯ. ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬಾರದು. ಅಲ್ಲಿ ನೆನಪಿನ ಶಕ್ತಿ, ಗಮನ, ಬೇಗ ಗ್ರಹಿಸುವ ಸಾಮರ್ಥ್ಯ ಅಳೆಯುತ್ತಾರೆ. ಸರಿ ಉತ್ತರ, ತಪ್ಪು ಉತ್ತರ ಇರುತ್ತದೆ. ಸ್ವಭಾವ ಪರೀಕ್ಷೆಯಲ್ಲಿ ಸರಿ ಉತ್ತರ ಇಲ್ಲ. ನೀವು ನಿಮ್ಮ ಬಗ್ಗೆ ಹೇಳಿದ್ದೇ ಉತ್ತರ. ನೀವು ನಿಜ ಹೇಳದಿದ್ದರೆ ಅಲ್ಲಿ ಅಳೆಯಲು ಏನೂ ಉಳಿಯುವುದಿಲ್ಲ.

‘ಅರೆ, ಇದು ನಾನೇ!’

ವರದಿ ಓದಿದ ಹಲವರು ‘ಕರೆಕ್ಟಾಗಿ ಹೇಳಿದೆ’ ಅನ್ನುತ್ತಾರೆ. ಅದು ಪರೀಕ್ಷೆ ಸರಿ ಇದೆ ಅನ್ನುವುದಕ್ಕೆ ಸಾಕ್ಷಿ ಆಗುವುದಿಲ್ಲ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಸ್ವಭಾವ ಪರೀಕ್ಷೆ ಕೊಟ್ಟರು. ಆಮೇಲೆ ಪ್ರತಿಯೊಬ್ಬರಿಗೂ ‘ಇದು ನಿನ್ನ ವರದಿ’ ಅಂತ ಒಂದು ಹಾಳೆ ಹಂಚಿದರು. ಎಷ್ಟು ಹೊಂದುತ್ತದೆ ಅಂತ 5ಕ್ಕೆ ಅಂಕ ಕೊಡಲು ಹೇಳಿದರು. ಸರಾಸರಿ ಬಂದಿದ್ದು 4.26. ಎಲ್ಲರಿಗೂ ಸಿಕ್ಕಿದ್ದು ಒಂದೇ ವರದಿ! ಅದರ ಸಾಲುಗಳು ಬಹುತೇಕ ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದವು. ‘ಹೊರಗೆ ಗಟ್ಟಿಯಾಗಿ ಕಂಡರೂ ಒಳಗೊಳಗೆ ಚಿಂತೆ ಮಾಡುತ್ತೀರಿ’ ಅಂದರೆ ಯಾರಿಗೆ ಹೊಂದುವುದಿಲ್ಲ, ಹೇಳಿ?

ಆದ್ದರಿಂದ ತರಬೇತಿಯ ಕೊನೆಗೆ ಭರ್ತಿ ಮಾಡಿಸುವ ‘ಇಷ್ಟವಾಯಿತೇ?’ ಫಾರಂ ನೋಡಿ ಕಂಪನಿಗಳು ತೃಪ್ತಿಪಡಬಾರದು. ಮುಂದಿನ ಆರು ತಿಂಗಳಲ್ಲಿ ಆ ವಿಭಾಗದ ದೂರುಗಳು ಕಡಿಮೆಯಾದವೇ, ಕೆಲಸ ಬಿಟ್ಟು ಹೋಗುವವರು ಕಡಿಮೆಯಾದರೇ ಅಂತ ನೋಡಬೇಕು. ಅಷ್ಟು ಲೆಕ್ಕ ಇಡದೆ ಪರೀಕ್ಷೆಗೆ ದುಡ್ಡು ಸುರಿಯುವುದು ದಂಡ. ದುಡ್ಡೇ ಬೇಕಿಲ್ಲ ಅನ್ನುವ ದಾರಿಯೂ ಇದೆ. ಲೂಯಿಸ್ ಗೋಲ್ಡ್‌ಬರ್ಗ್ ಎಂಬ ಸಂಶೋಧಕ ಶುರು ಮಾಡಿದ ಐಪಿಐಪಿ ಸಂಗ್ರಹದಲ್ಲಿ ಬಿಗ್ ಫೈವ್ ಅಳೆಯುವ ಪ್ರಶ್ನೆಗಳು ಯಾರಿಗೆ ಬೇಕಾದರೂ ಉಚಿತ.

ಉಪಯೋಗ ಎಲ್ಲಿದೆ

ಹಾಗಂತ ಇದೆಲ್ಲ ಬೊಗಳೆ ಅಂತ ತಳ್ಳಿಹಾಕುವುದೂ ತಪ್ಪು.

ಒಬ್ಬ ಎಂಜಿನಿಯರ್‌ಗೆ ಎಲ್ಲವೂ ಬರಹದಲ್ಲಿ ಬೇಕು. ಅವನ ಜೊತೆಯವನು ಫೋನಿನಲ್ಲಿ ಎರಡು ಮಾತಾಡಿ ಮುಗಿಸುವವನು. ಮೊದಲನೆಯವನ ಮೇಲ್ ನೋಡಿ ಎರಡನೆಯವನಿಗೆ ‘ಇವ್ನು ನನ್ನ ಮೇಲೆ ದಾಖಲೆ ಮಾಡ್ತಿದ್ದಾನೆ’ ಅನ್ನಿಸುತ್ತದೆ. ಎರಡನೆಯವನ ಫೋನ್ ಬಂದರೆ ಮೊದಲನೆಯವನಿಗೆ ‘ನಾಳೆ ಇವ್ನು ಮಾತು ಬದಲಿಸ್ತಾನೆ’ ಅನ್ನಿಸುತ್ತದೆ. ಇಬ್ಬರಿಗೂ ಕೆಟ್ಟ ಉದ್ದೇಶ ಇಲ್ಲ, ಅಭ್ಯಾಸ ಬೇರೆ ಅಷ್ಟೇ. ಇಂಥ ಕಡೆ ಪರೀಕ್ಷೆಯ ವರದಿ ಒಂದು ನೆಪ ಒದಗಿಸುತ್ತದೆ. ‘ನೀನು ಹಿಂಗೆ’ ಅಂತ ಬೆರಳು ತೋರಿಸುವ ಬದಲು ‘ಈ ಹಾಳೆ ನನ್ನ ಬಗ್ಗೆ ಹೀಗೆ ಹೇಳುತ್ತೆ, ನಿಂಗೂ ಹಾಗನ್ನಿಸುತ್ತಾ?’ ಅಂತ ಕೇಳಬಹುದು. ಮಾತು ಶುರುವಾಗುತ್ತದೆ. ನಮ್ಮಲ್ಲಿ ಜೊತೆಯವನ ಮುಖಕ್ಕೆ ಅವನ ಸ್ವಭಾವದ ಬಗ್ಗೆ ಹೇಳುವುದು ಕಷ್ಟ, ಹಿರಿಯರಾದರೆ ಇನ್ನೂ ಕಷ್ಟ. ಹಾಗಾಗಿ ಈ ನೆಪಕ್ಕೆ ಬೆಲೆ ಇದೆ.

ಜಗಳದ ವಿಷಯಕ್ಕೇ ಅಂತ ಮಾಡಿದ ಸಾಧನವೂ ಇದೆ. ಕೆನೆತ್ ಥಾಮಸ್ ಮತ್ತು ರಾಲ್ಫ್ ಕಿಲ್‌ಮನ್ 1974ರಲ್ಲಿ ಮಾಡಿದ್ದು. ಭಿನ್ನಾಭಿಪ್ರಾಯ ಬಂದಾಗ ನೀವು ಪಟ್ಟು ಹಿಡಿಯುತ್ತೀರೋ, ಸೋಲುತ್ತೀರೋ, ತಪ್ಪಿಸಿಕೊಳ್ಳುತ್ತೀರೋ, ಅರ್ಧಕ್ಕೆ ಒಪ್ಪುತ್ತೀರೋ, ಕೂತು ಬಗೆಹರಿಸುತ್ತೀರೋ ಅಂತ ನೋಡುತ್ತದೆ. ಇದು ‘ನೀವು ಯಾರು’ ಅನ್ನುವುದಕ್ಕಿಂತ ‘ನೀವು ಏನು ಮಾಡುತ್ತೀರಿ’ ಅನ್ನುವುದನ್ನು ಕೇಳುತ್ತದೆ. ಮಾಡುವುದನ್ನು ಬದಲಾಯಿಸಬಹುದಲ್ವಾ? ಅದಕ್ಕೇ ತಿಕ್ಕಾಟದ ವಿಷಯದಲ್ಲಿ ಸ್ವಭಾವದ ಹಣೆಪಟ್ಟಿಗಿಂತ ಇಂಥದ್ದು ಮೇಲು.

ಇಲ್ಲಿ ಒಂದು ಮಿತಿಯನ್ನು ಗಮನಿಸಬೇಕು. ವರದಿಯಲ್ಲಿ ಬರುವುದು ನೀವು ಕೊಟ್ಟ ಉತ್ತರಗಳೇ, ಬೇರೆ ಮಾತಿನಲ್ಲಿ. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಳಗಿನ ಆತಂಕದಂಥ ವಿಷಯ ನಮಗೇ ಚೆನ್ನಾಗಿ ಗೊತ್ತು. ಆದರೆ ಜಾಣತನದಂಥ, ಒಳ್ಳೆಯದು-ಕೆಟ್ಟದ್ದು ಅಂತ ಬೆಲೆ ಕಟ್ಟುವ ಗುಣಗಳು ನಮಗಿಂತ ಗೆಳೆಯರಿಗೇ ಚೆನ್ನಾಗಿ ಕಾಣುತ್ತವೆ. ಮೀಟಿಂಗ್‌ನಲ್ಲಿ ಯಾರ ಮಾತು ಯಾರು ಕತ್ತರಿಸುತ್ತಾರೆ ಅನ್ನುವುದು ಕತ್ತರಿಸುವವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಒಬ್ಬರೇ ಕೂತು ಮೊಬೈಲ್‌ನಲ್ಲಿ ಉತ್ತರ ಒತ್ತಿ, ಪಿಡಿಎಫ್ ಓದಿ, ಮುಚ್ಚಿಟ್ಟರೆ ಸ್ವಂತ ಅರಿವು ಹೆಚ್ಚುವುದಿಲ್ಲ. ಜೊತೆಯವರ ಅನಿಸಿಕೆಯ ಪಕ್ಕ ಇಟ್ಟು ನೋಡಿದಾಗಲೇ ಹೊಸದೇನಾದರೂ ಕಾಣುತ್ತದೆ.

ಜಗಳ ಸ್ವಭಾವದ್ದೋ, ಶಿಫ್ಟಿನದ್ದೋ?

ಯೂನಿಯನ್‌ನವರ ಆಕ್ಷೇಪ ಇರುವುದು ಬೇರೆ ಕಡೆ. ವ್ಯವಸ್ಥೆಯ ತಪ್ಪನ್ನು ಪರೀಕ್ಷೆ ಮನುಷ್ಯರ ಸ್ವಭಾವದ ತಲೆಗೆ ಕಟ್ಟುತ್ತದೆ ಅನ್ನುವುದು. ಅದು ಗಟ್ಟಿಯಾದ ಆಕ್ಷೇಪ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮೂರು ಶಿಫ್ಟಿನ ಕಾರ್ಖಾನೆ. ಮಧ್ಯಾಹ್ನ 2ಕ್ಕೆ ಎ ಶಿಫ್ಟ್ ಬಿಟ್ಟು ಬಿ ಶಿಫ್ಟ್ ಒಳಗೆ ಬರುತ್ತದೆ. ಬರುವವನಿಗೆ ದಿನವೂ ಮಷೀನ್ ಪಕ್ಕ ಕಸ, ಅರ್ಧ ಬರೆದ ಲಾಗ್ ಬುಕ್. ‘ಅವ್ನು ಸೋಮಾರಿ, ಹೇಳಿದ್ರೂ ಬುದ್ಧಿ ಇಲ್ಲ.’ ಹೋಗುವವನ ಮಾತು: ‘ಇವ್ನು ಬಾಯಿಬಡುಕ, ಸಣ್ಣದಕ್ಕೂ ಸಾಹೇಬ್ರ ಹತ್ರ ಓಡ್ತಾನೆ.’ ಜಗಳ ಜೋರಾದಾಗ ಎಚ್‌ಆರ್ ಇಬ್ಬರಿಗೂ ಸ್ವಭಾವ ಪರೀಕ್ಷೆ ಮಾಡಿಸುತ್ತದೆ. ಒಬ್ಬನಿಗೆ ಅಚ್ಚುಕಟ್ಟುತನ ಜಾಸ್ತಿ, ಇನ್ನೊಬ್ಬನಿಗೆ ಕಡಿಮೆ ಅಂತ ಬರುತ್ತದೆ. ಎಲ್ಲರೂ ತಲೆಯಾಡಿಸುತ್ತಾರೆ. ಆದರೆ ಕಂಪನಿ ಬಸ್ 2.10ಕ್ಕೇ ಗೇಟಿನಿಂದ ಹೊರಡುತ್ತದೆ ಅನ್ನುವುದನ್ನು ಯಾರೂ ಕೇಳಿರುವುದಿಲ್ಲ. ಬಸ್ ತಪ್ಪಿದರೆ ಹಳ್ಳಿಗೆ ಹೋಗಲು ಸಂಜೆವರೆಗೆ ಬೇರೆ ದಾರಿ ಇಲ್ಲ. ಕ್ಲೀನಿಂಗ್, ಲಾಗ್ ಬುಕ್, ಹಸ್ತಾಂತರ ಎಲ್ಲಕ್ಕೂ ಸೇರಿ ಬೇಕಾದ್ದು ಕಾಲು ಗಂಟೆ. ಬಸ್ ಹೊರಡುವ ಹೊತ್ತನ್ನು 2.30ಕ್ಕೆ ಮಾಡಿ, ಅಷ್ಟು ಹೊತ್ತಿಗೆ ಸಂಬಳ ಲೆಕ್ಕ ಹಾಕಿದರೆ ಜಗಳದ ಬೇರು ಅಲ್ಲೇ ಹೋಗುತ್ತಿತ್ತು.

ಲೀ ರಾಸ್ ಎಂಬ ಮನಶ್ಶಾಸ್ತ್ರಜ್ಞ 1977ರಲ್ಲಿ ಈ ತಪ್ಪಿಗೆ ಹೆಸರು ಕೊಟ್ಟು ವಿವರಿಸಿದರು. ಬೇರೆಯವರು ತಡವಾಗಿ ಬಂದರೆ ಅದು ಅವರ ಸ್ವಭಾವ. ನಾವು ತಡವಾಗಿ ಬಂದರೆ ಟ್ರಾಫಿಕ್. ಬೇರೆಯವರ ನಡವಳಿಕೆಯ ಹಿಂದಿನ ಪರಿಸ್ಥಿತಿ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಜಗಳವಾದ ಮೇಲೆ ಮಾಡಿಸುವ ಸ್ವಭಾವ ಪರೀಕ್ಷೆ ಈ ತಪ್ಪಿಗೆ ಅಧಿಕೃತ ಮೊಹರು ಒತ್ತುತ್ತದೆ. ಪರೀಕ್ಷೆಗೆ ಬಸ್ಸಿನ ಟೈಮ್ ಕಾಣುವುದಿಲ್ಲ. ಒಂದೇ ಕೆಲಸಕ್ಕೆ ಪರ್ಮನೆಂಟ್‌ನವನಿಗೂ ಗುತ್ತಿಗೆಯವನಿಗೂ ಬೇರೆ ಬೇರೆ ಸಂಬಳ ಅನ್ನುವುದು ಕಾಣುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಹೊರಗೇ 40 ಡಿಗ್ರಿ ದಾಟಿರುವಾಗ ಕುಲುಮೆಯ ಪಕ್ಕ ಎಂಟು ಗಂಟೆ ನಿಂತವನ ಸಿಟ್ಟು ಎಷ್ಟು ಅವನದು, ಎಷ್ಟು ಬಿಸಿಲಿನದು ಅಂತ ಬಿಡಿಸಿ ಹೇಳಲು ಅದಕ್ಕೆ ಬರುವುದಿಲ್ಲ. ರಾತ್ರಿ ಪಾಳಿ ಮುಗಿಸಿದವನಿಗೆ ಅದೇ ಬೆಳಿಗ್ಗೆ ಪರೀಕ್ಷೆ ಕೊಟ್ಟರೆ ವರದಿಯಲ್ಲಿ ಬರುವುದು ಅವನ ನಿದ್ದೆಗೇಡು.

ಯಾವುದು ಸ್ವಭಾವದ ತಿಕ್ಕಾಟ, ಯಾವುದು ವ್ಯವಸ್ಥೆಯ ತಿಕ್ಕಾಟ ಅಂತ ಬೇರೆ ಮಾಡಲು ಸರಳ ದಾರಿ ಇದೆ. ಅದೇ ಜಾಗಕ್ಕೆ ಬೇರೆ ಇಬ್ಬರನ್ನು ಹಾಕಿದಾಗಲೂ ಜಗಳ ಮುಂದುವರಿಯುತ್ತದೆಯೇ ಅಂತ ನೋಡುವುದು. ಮುಂದುವರಿದರೆ ಮನುಷ್ಯರನ್ನು ಪರೀಕ್ಷಿಸುವುದು ದಂಡ.

ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ, ಸಿಂಧನೂರು, ಗಂಗಾವತಿಯ ಅಕ್ಕಿ ಮಿಲ್‌ಗಳಲ್ಲಿ ಸ್ವಭಾವ ಪರೀಕ್ಷೆಯ ಪ್ರಶ್ನೆ ಏಳುವುದು ಕಮ್ಮಿ. ಅಲ್ಲಿ ಮಾಲೀಕ, ಮೇಸ್ತ್ರಿ, ಹಮಾಲರು ಒಬ್ಬರಿಗೊಬ್ಬರು ಗೊತ್ತಿರುವವರೇ.

ಮೇಲಿನವರು ಓದುತ್ತಾರೆ ಅಂದರೆ

ಈಗ ವರದಿಯನ್ನು ಯಾರು ಓದುತ್ತಾರೆ ಅನ್ನುವ ಪ್ರಶ್ನೆಗೆ ಬರೋಣ. ವರದಿ ಮೇಲಧಿಕಾರಿಗೆ ಹೋಗುತ್ತದೆ ಅಂತ ಗೊತ್ತಾದ ಕೂಡಲೇ ಜನ ಉತ್ತರ ಬದಲಾಯಿಸುತ್ತಾರೆ. ‘ಬೇಗ ಸಿಟ್ಟು ಬರುತ್ತದೆ’ ಅನ್ನುವುದಕ್ಕೆ ‘ಇಲ್ಲ’. ‘ಒತ್ತಡದಲ್ಲೂ ಸಮಾಧಾನ’ ಅನ್ನುವುದಕ್ಕೆ ‘ಹೌದು’. ಇದರಲ್ಲಿ ಮೋಸ ಏನಿಲ್ಲ, ಹೊಟ್ಟೆಪಾಡಿನ ಲೆಕ್ಕ ಅಷ್ಟೇ. ಆಗ ಎಲ್ಲರೂ ಶಾಂತಮೂರ್ತಿಗಳಾಗಿ ಬರುತ್ತಾರೆ. ಆ ವರದಿಯ ಮೇಲೆ ತರಬೇತಿ ಕಟ್ಟಿದರೆ ನಿಜವಾದ ತೊಂದರೆ ಹಾಗೇ ಉಳಿಯುತ್ತದೆ. ತೊಂದರೆ ಉಳಿದಾಗ ಕಂಪನಿ ಇನ್ನೊಂದು ಪರೀಕ್ಷೆ ತರುತ್ತದೆ, ಜನ ಇನ್ನೂ ಹುಷಾರಾಗಿ ಉತ್ತರ ಕೊಡುತ್ತಾರೆ. ಸ್ವಂತ ಅರಿವಿಗೆ ಅಂತ ತಂದ ಸಾಧನ ಮುಖವಾಡ ಹಾಕುವುದನ್ನು ಕಲಿಸುತ್ತದೆ.

ಭಾಷೆ, ಓದು-ಬರಹ ಸೇರಿದರೆ ಇದು ಇನ್ನಷ್ಟು ಬಿಗಡಾಯಿಸುತ್ತದೆ. ಈ ಮೂರು ಜಿಲ್ಲೆಗಳ ಕಾರ್ಖಾನೆಗಳಲ್ಲಿ ಕನ್ನಡ, ತೆಲುಗು, ಉರ್ದು, ಹಿಂದಿ ಎಲ್ಲ ಇದೆ. ಓದಲು ಕಷ್ಟಪಡುವವರಿಗೆ ಸೂಪರ್‌ವೈಸರೇ ಪ್ರಶ್ನೆ ಓದಿ ಹೇಳಿದರೆ ಗತಿ ಏನು? 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಕೆಳ ಮತ್ತು ಮಧ್ಯಮ ಆದಾಯದ 23 ದೇಶಗಳ ಮಾಹಿತಿ ನೋಡಿತು. ಎದುರಿಗೆ ಕೂತು ಪ್ರಶ್ನೆ ಕೇಳಿದ ಕಡೆಗಳಲ್ಲಿ ಬಿಗ್ ಫೈವ್ ಪ್ರಶ್ನೆಗಳು ತಾವು ಅಳೆಯಬೇಕಾದ್ದನ್ನು ಸರಿಯಾಗಿ ಅಳೆಯಲಿಲ್ಲ. ಕೇಳಿದ್ದಕ್ಕೆಲ್ಲ ಹೌದು ಅನ್ನುವ ಪ್ರವೃತ್ತಿ ಒಂದು ಮುಖ್ಯ ತೊಡಕು. ‘ಸಾಹೇಬ್ರು ಕೇಳ್ಯಾರ, ಇಲ್ಲ ಅನ್ನೂದು ಹ್ಯಾಂಗ?’ ಅನ್ನುವ ನಮ್ಮ ಕಡೆಯ ಸಂಕೋಚವೂ ಅದೇ ಜಾತಿಯದು. ಹಿರಿಯರ ಮುಂದೆ ಕಡಿಮೆ ಮಾತಾಡುವುದನ್ನು ಮರ್ಯಾದೆ ಅಂತ ಕಲಿತವರನ್ನು ‘ಜನರೊಂದಿಗೆ ಬೆರೆಯದವರು’ ಅಂತ ಬರೆದುಬಿಡುವ ಅಪಾಯ ಬೇರೆ.

ಕೆಲಸಕ್ಕೆ ತೆಗೆದುಕೊಳ್ಳಲು, ಬಡ್ತಿ ಕೊಡಲು ಈ ವರದಿ ಬಳಸಬಹುದೇ? ನೇಮಕಾತಿಗೆ ಬಳಸಬೇಡಿ ಅಂತ ಎಂಬಿಟಿಐ ಪ್ರಕಟಿಸುವವರೇ ಹೇಳುತ್ತಾರೆ. ಬಿಗ್ ಫೈವ್ ಸ್ವಲ್ಪ ಮೇಲು. 1991ರಲ್ಲಿ ಬ್ಯಾರಿಕ್ ಮತ್ತು ಮೌಂಟ್ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಅಚ್ಚುಕಟ್ಟುತನ ಎಲ್ಲ ಬಗೆಯ ಕೆಲಸದಲ್ಲೂ ಸಾಧನೆಯ ಜೊತೆ ಹೊಂದಿಕೊಂಡಿತ್ತು. ಆದರೆ ಸಂಬಂಧ ಪೂರ್ತಿ ಇದ್ದರೆ 1, ಇಲ್ಲದಿದ್ದರೆ 0 ಅಂತ ಅಳೆದರೆ ಸಿಕ್ಕಿದ್ದು 0.2ರ ಆಸುಪಾಸು. ಇಷ್ಟನ್ನೇ ನಂಬಿ ಒಬ್ಬನ ಬಡ್ತಿ ತಡೆಯುವುದು ಅನ್ಯಾಯ. ಅಮೆರಿಕದಲ್ಲಿ ಒಂದು ಕಂಪನಿ ಬಡ್ತಿಗೆ ಎಂಎಂಪಿಐ ಎಂಬ, ಮನೋರೋಗ ಪತ್ತೆಗೆ ಬಳಸುವ ಪರೀಕ್ಷೆ ಇಟ್ಟಿತ್ತು. ಇದು ವೈದ್ಯಕೀಯ ಪರೀಕ್ಷೆಯೇ, ಹೀಗೆ ಬಳಸುವಂತಿಲ್ಲ ಅಂತ 2005ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಹೇಳಿತು.

ಹೊಸ ಕಾನೂನು ಏನು ಹೇಳುತ್ತದೆ

ದತ್ತಾಂಶ ಕಾಯ್ದೆ ಸಂಸತ್ತಿನಲ್ಲಿ ಪಾಸಾಗಿದ್ದು 2023ರ ಆಗಸ್ಟ್‌ನಲ್ಲಿ. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರುವುದು ನಿಯಮ ಪ್ರಕಟವಾದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ನಿಮ್ಮ ಸ್ವಭಾವದ ವರದಿ ಕಂಪ್ಯೂಟರ್‌ನಲ್ಲಿ ಇದ್ದರೆ ಅದು ವೈಯಕ್ತಿಕ ದತ್ತಾಂಶ. ಕಾಗದದಲ್ಲೇ ಇದ್ದು ಡಿಜಿಟಲ್ ಆಗದಿದ್ದರೆ ಈ ಕಾಯ್ದೆ ಅದನ್ನು ಮುಟ್ಟುವುದಿಲ್ಲ!

ಗೊಂದಲ ಇರುವುದು 7ನೇ ಸೆಕ್ಷನ್‌ನಲ್ಲಿ. ಉದ್ಯೋಗದ ಉದ್ದೇಶಕ್ಕೆ ನೌಕರರ ಮಾಹಿತಿಯನ್ನು ಒಪ್ಪಿಗೆ ಇಲ್ಲದೆಯೂ ಬಳಸಬಹುದು ಅಂತ ಅದು ಹೇಳುತ್ತದೆ. ಹಾಜರಿ, ಸಂಬಳ, ಪಿಎಫ್ ವಿಷಯಕ್ಕೆ ಇದು ಸರಿ. ಪ್ರತಿ ತಿಂಗಳೂ ಒಪ್ಪಿಗೆ ಪತ್ರ ಬರೆಸಿಕೊಳ್ಳಲು ಆಗುವುದಿಲ್ಲ. ಸ್ವಭಾವ ಪರೀಕ್ಷೆಯೂ ‘ಉದ್ಯೋಗದ ಉದ್ದೇಶ’ವೇ? ಆಡಳಿತದವರು ಹೌದು ಅನ್ನಬಹುದು. ತಂಡ ಚೆನ್ನಾಗಿ ಕೆಲಸ ಮಾಡಲು ತಾನೇ ಇದು ಅಂತ ಅವರ ವಾದ. ಇಲ್ಲ ಅನ್ನುವವರ ವಾದ: ಸಂಬಳ ಕೊಡಲು ನನ್ನ ಬ್ಯಾಂಕ್ ಖಾತೆ ಬೇಕು, ನನಗೆ ರಾತ್ರಿ ಆತಂಕ ಆಗುತ್ತದೋ ಇಲ್ಲವೋ ಅನ್ನುವುದು ಬೇಕಿಲ್ಲ.

ಯಾವ ದಾರಿ ಹಿಡಿದರೆ ಏನಾಗುತ್ತದೆ? ಕಂಪನಿ ಒಪ್ಪಿಗೆಯ ದಾರಿ ಹಿಡಿದರೆ, ಯಾಕೆ ಈ ಮಾಹಿತಿ ಅಂತ ಸೂಚನೆ ಕೊಡಬೇಕು. ಅದನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿ ಬೇಕಾದರೂ ಓದುವ ಆಯ್ಕೆ ಇರಬೇಕು. ಕನ್ನಡ, ತೆಲುಗು, ಉರ್ದು ಮೂರೂ ಅದರಲ್ಲಿವೆ. ನೌಕರ ಬೇಡ ಅನ್ನಬಹುದು, ಕೊಟ್ಟ ಒಪ್ಪಿಗೆ ಹಿಂಪಡೆಯಬಹುದು, ತನ್ನ ಮಾಹಿತಿ ನೋಡಬಹುದು, ಅಳಿಸಲು ಕೇಳಬಹುದು. ‘ಉದ್ಯೋಗದ ಉದ್ದೇಶ’ದ ದಾರಿ ಹಿಡಿದರೆ ಈ ಹಕ್ಕುಗಳ ಬಲ ಬಹಳ ಕಡಿಮೆಯಾಗುತ್ತದೆ. ಕಂಪನಿಗೆ ಎರಡನೆಯ ದಾರಿ ಸುಲಭ. ಆದರೆ ಬಲವಂತದಿಂದ ಪಡೆದ ಉತ್ತರ ಕೆಲಸಕ್ಕೆ ಬಾರದು ಅಂತ ಮೇಲೆ ನೋಡಿದೆವಲ್ಲ, ಹಾಗಾಗಿ ಕಂಪನಿಯ ಲಾಭವೂ ಮೊದಲ ದಾರಿಯಲ್ಲೇ ಇದೆ. ಮಾಹಿತಿ ಕಾಪಾಡಲು ತಕ್ಕ ಭದ್ರತೆ ಇಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು ಅನ್ನುವುದನ್ನೂ ಎಚ್‌ಆರ್ ನೆನಪಿಡಬೇಕು. ಬೇಕಿಲ್ಲದ ವರದಿ ಇಟ್ಟುಕೊಂಡಷ್ಟೂ ಕಾಯುವ ಹೊಣೆ ಹೆಚ್ಚು.

ಇನ್ನು ಬಸ್ಸಿನ ಜಗಳ. ಅದಕ್ಕೆ ಜಾಗ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ಒಂದಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಆಡಳಿತ ಮತ್ತು ಕಾರ್ಮಿಕರ ಕಡೆಯಿಂದ ಸಮ ಸಂಖ್ಯೆ, ಒಟ್ಟು 10 ಮೀರುವಂತಿಲ್ಲ. ಮಹಿಳೆಯರಿಗೆ ಅವರ ಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಬೇಕು. ಅರ್ಜಿ ಬಂದ 30 ದಿನದಲ್ಲಿ ವಿಚಾರಣೆ ಮುಗಿಯಬೇಕು. ಯಾವುದೇ ವಿಭಾಗದಲ್ಲಿ ಜಗಳ ಪದೇ ಪದೇ ಬಂದರೆ ಮೊದಲು ಈ ಸಮಿತಿಯಲ್ಲಿ ಶಿಫ್ಟು, ಬಸ್ಸು, ಕ್ಯಾಂಟೀನ್, ಓಟಿ ಹಂಚಿಕೆ ನೋಡಿ, ಆಮೇಲೆ ಸ್ವಭಾವದ ಮಾತೆತ್ತುವುದು ಒಳ್ಳೆಯದು. ಈಗ ಬಹಳ ಕಡೆ ಕ್ರಮ ಉಲ್ಟಾ ಆಗುವ ಲಕ್ಷಣ ಇದೆ. ಯಾಕೆಂದರೆ ತರಬೇತಿ ಕೊಡಿಸುವುದು ಸುಲಭ, ಬಸ್ ಟೈಮ್ ಬದಲಿಸುವುದು ಖರ್ಚಿನ ಬಾಬತ್ತು.

ಗುತ್ತಿಗೆ ಕಾರ್ಮಿಕರ ಪಾಡು

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ. ಗುತ್ತಿಗೆ ಕಾರ್ಮಿಕ ದುಡಿಯುವುದು ಕಾರ್ಖಾನೆಯಲ್ಲಿ, ಅವನ ಹೆಸರಿರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಪರೀಕ್ಷೆ ಮಾಡಿಸಿದವರು ಕಾರ್ಖಾನೆಯವರೋ, ಗುತ್ತಿಗೆದಾರನೋ, ನಡುವೆ ಇರುವ ತರಬೇತಿ ಏಜೆನ್ಸಿಯೋ? ಮೂವರ ಹತ್ತಿರವೂ ಪ್ರತಿ ಉಳಿಯಬಹುದು. ಟೆಂಡರ್ ಮುಗಿದು ಹೊಸ ಗುತ್ತಿಗೆದಾರ ಬಂದರೆ ಕಾರ್ಮಿಕ ಅಲ್ಲೇ ಮುಂದುವರಿಯುತ್ತಾನೆ, ಅವನ ವರದಿ ಮಾತ್ರ ಹಳೆಯವನ ಲ್ಯಾಪ್‌ಟಾಪ್‌ನಲ್ಲಿ ಇರುತ್ತದೆ. ಅದು ಇನ್ನೊಂದು ಕಾರ್ಖಾನೆಯ ಗೇಟಿನಲ್ಲಿ ‘ಇವ್ನು ಜಗಳಗಂಟ’ ಅನ್ನುವ ಮಾತಾಗಿ ತಲುಪುವುದು ಕಷ್ಟವೇನಲ್ಲ. ಉದ್ದೇಶ ಮುಗಿದ ಮೇಲೆ ಮಾಹಿತಿ ಅಳಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಆದರೆ ಅಳಿಸಿದ್ದಾರೋ ಇಲ್ಲವೋ ಅಂತ ಕೇಳುವ ಧೈರ್ಯ ಗುತ್ತಿಗೆ ಕಾರ್ಮಿಕನಿಗೆ ಎಲ್ಲಿಂದ ಬರಬೇಕು? ಅವನ ಪರವಾಗಿ ಕೇಳಬಲ್ಲವರು ಯೂನಿಯನ್ ಮತ್ತು ಕುಂದುಕೊರತೆ ಸಮಿತಿ. ಅದಕ್ಕಿಂತ ಮೊದಲೇ ಮಾಡಬಹುದಾದದ್ದು ಕಾರ್ಖಾನೆಯ ಕೈಯಲ್ಲಿದೆ: ಮುಂದಿನ ಟೆಂಡರ್ ಕರಾರಿನಲ್ಲೇ, ವರದಿ ಪರೀಕ್ಷೆ ಬರೆದ ಕಾರ್ಮಿಕನಿಗೆ ಮಾತ್ರ ಸೇರಬೇಕು, ಗುತ್ತಿಗೆ ಮುಗಿದ ದಿನ ಉಳಿದ ಪ್ರತಿಗಳನ್ನು ಅಳಿಸಿ ಬರಹದಲ್ಲಿ ತಿಳಿಸಬೇಕು ಅಂತ ಒಂದು ಷರತ್ತು ಸೇರಿಸುವುದು. 2027ರ ಮೇವರೆಗೆ ಇದಕ್ಕೆ ಸಮಯವಿದೆ.